ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಗೋಡೆಯ ಮೇಲಿನ ವಿಶ್ವ ನಕ್ಷೆಯಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೀರಿ. ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತೆ. ಅದು ಹತ್ತಿರದ ದಾರಿ ಅಲ್ಲವೇ ಅಲ್ಲ!

ಈಗ ಗ್ಲೋಬ್ ತಗೊಳ್ಳಿ. ಎರಡೂ ಊರಿನ ನಡುವೆ ದಾರ ಇಟ್ಟು ಬಿಗಿಯಾಗಿ ಎಳೀರಿ. ದಾರ ತಾನಾಗೇ ಮೇಲಕ್ಕೆ ಜಾರಿ ಸೈಬೀರಿಯಾ, ಅಲಾಸ್ಕಾ ಮೇಲೆ ಕೂರುತ್ತೆ. ಎಷ್ಟು ಸಲ ನೋಡಿದರೂ ನನಗಿದು ಬೆರಗೇ.

ಲೆಕ್ಕಕ್ಕೆ ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಸಾಕು. ಭೂಮಿಯ ಕೇಂದ್ರದಲ್ಲಿ ಅವುಗಳ ನಡುವಿನ ಕೋನ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 14,000!

ಆದರೆ ನಿಜವಾಗಿ ಹಾರುವಾಗ ಗಾಳಿ ನೋಡಿಕೊಂಡು ವಿಮಾನದ ದಾರಿ ಬದಲಾಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಹತ್ತಿರದಿಂದಲೇ ಬಂದಿಳಿದರು.