ಮಾಲು ಒಬ್ಬರ ಕೈಲಿ, ದುಡ್ಡು ಇನ್ನೊಬ್ಬರ ಕೈಲಿ

ರೈತರ ಕಂಪೆನಿಗೂ ಇಷ್ಟೊಂದು ವಿಭಾಗ ಯಾಕಪ್ಪಾ ಅಂತ ನಮ್ಮೂರಲ್ಲಿ ಕೆಲವರು ಕೇಳುತ್ತಾರೆ. ನಾನು ಹೇಳೋದಿಷ್ಟೇ: ನನ್ನ ಅಡಿಕೆಯ ದರ್ಜೆ ನೋಡುವವರು, ತೂಗುವವರು, ದುಡ್ಡು ಕೊಡುವವರು ಎಲ್ಲ ಒಬ್ಬರೇ ಆದರೆ ತಪ್ಪು ಹಿಡಿಯುವವರು ಯಾರು? ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರ ಬೇರೆಬೇರೆ ಇದ್ದರೆ ತೂಕದ ಚೀಟಿ, ಗೋದಾಮಿನ ಪುಸ್ತಕ, ಹಣದ ರಶೀದಿ ಮೂರನ್ನೂ ತಾಳೆ ನೋಡಬಹುದು.

ಉತ್ಪಾದಕ ಕಂಪೆನಿಗೆ 2003ರಿಂದ ಕಾನೂನಿನ ಆಧಾರವಿದೆ. ಕಟ್ಟಲು ಹತ್ತು ಬೆಳೆಗಾರರು ಸಾಕು. ನಿರ್ದೇಶಕರು 5ರಿಂದ 15. ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕ, ಆಂತರಿಕ ಲೆಕ್ಕ ತಪಾಸಣೆ ಕಡ್ಡಾಯ. ಬೆಳೆಗಾರ ಸದಸ್ಯನ ಷೇರು ಎಷ್ಟೇ ಇರಲಿ, ಓಟು ಒಂದೇ.

ನಾಲ್ಕು ಜನರ ಸಂಬಳ ಸಣ್ಣ ಕಂಪೆನಿಗೆ ಹೊರೆ, ನಿಜ. ಇಬ್ಬರೇ ಇದ್ದರೂ ಮಾಲು ನೋಡುವವರ ಕೈಗೆ ದುಡ್ಡಿನ ಪೆಟ್ಟಿಗೆ ಬೇಡ. ಮುಂದಿನ ಮಹಾಸಭೆಯಲ್ಲಿ ಯಾವ ಕೆಲಸ ಯಾರದು ಅಂತ ಕೇಳಿ. ಮಾಲೀಕರು ನಾವೇ ಅಲ್ಲವೇ?