ನಡೆದರೆ ಚರ್ಮ ಸುಲಿಯುವುದೇಕೆ?

ಮಾಘ ಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡದ ಕಡೆಯಿಂದ ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಉಳವಿಗೆ ಹೊರಟ ಯಾತ್ರಿಕರನ್ನು ದಾರಿಯುದ್ದಕ್ಕೂ ಕಾಣಬಹುದು. ಜೋಯಿಡಾ ತಾಲ್ಲೂಕಿನ ಅರಣ್ಯದ ನಡುವೆ ಇರುವ ಚನ್ನಬಸವಣ್ಣನವರ ಸಮಾಧಿಸ್ಥಾನವೇ ಅವರ ಗುರಿ. ಚಕ್ಕಡಿಗಳಲ್ಲಿ ಬರುವವರು ಕೆಲವರು, ಕಾಲ್ನಡಿಗೆಯಲ್ಲಿ ಬರುವವರು ಕೆಲವರು. ಹಸಿವು ದಣಿವುಗಳನ್ನು ಲೆಕ್ಕಿಸದ ಗಟ್ಟಿಗನು ಕೂಡ ಎರಡನೆಯ ದಿನ ಕಾಲು ಅಗಲಿಸಿಕೊಂಡು ನಡೆಯತೊಡಗುವುದುಂಟು. ತೊಡೆಯ ಸಂದಿಯ ಚರ್ಮ ಸುಲಿದು ಉರಿಯುವುದೇ ಇದಕ್ಕೆ ಕಾರಣ. ಹೇಳಿಕೊಳ್ಳಲು ನಾಚಿ ಮುಚ್ಚಿಡುವುದರಿಂದ ಈ ಸಣ್ಣ ಗಾಯವು ದೊಡ್ಡದಾಗುತ್ತದೆ.

ಈ ಕಷ್ಟ ಯಾತ್ರಿಕರದು ಮಾತ್ರವಲ್ಲ. ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಕೆಲವು ಬಾಲಕ ಬಾಲಕಿಯರನ್ನು ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದಲ್ಲಿ ಆರಿಸಿ ಓಟ ಮೊದಲಾದ ಕ್ರೀಡೆಗಳಲ್ಲಿ ತರಬೇತು ಮಾಡಿತ್ತು. ಇಂದು ಶಾಲಾ ಕಾಲೇಜುಗಳ ದೂರದ ಓಟಕ್ಕೆ ಸಿದ್ಧರಾಗುವ ವಿದ್ಯಾರ್ಥಿಗಳೂ ಹಲವರಿದ್ದಾರೆ. ಓಟಗಾರನಿಗೆ ತೊಡೆಯಲ್ಲದೆ ಕಂಕುಳು, ಮೊಲೆತೊಟ್ಟು, ಸೊಂಟಪಟ್ಟಿಯ ಜಾಗಗಳೂ ಸುಲಿಯುತ್ತವೆ.

ತೆಳುವಾದ ಕವಚ

ಚರ್ಮದ ಅತ್ಯಂತ ಹೊರಗಿನ ಪದರವು ಸತ್ತ ಜೀವಕೋಶಗಳಿಂದಾದುದು. ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ಅವುಗಳಲ್ಲಿ ತುಂಬಿರುತ್ತದೆ. ಶರೀರದ ಬಹುಭಾಗದಲ್ಲಿ ಈ ಕವಚದ ದಪ್ಪ ಸುಮಾರು 0.01ರಿಂದ 0.02 ಮಿಲಿಮೀಟರು ಮಾತ್ರ. ಅಂಗಾಲಿನಲ್ಲಿ ಅದು ಬಹಳ ದಪ್ಪ. ಆದುದರಿಂದ ಅಂಗಾಲಿನ ಹೊರಪದರವು ಸುಲಭವಾಗಿ ಸವೆಯದೆ, ಅದರ ಕೆಳಗಿನ ಪದರಗಳು ಜಗ್ಗಿ ಬೇರ್ಪಟ್ಟು, ನಡುವೆ ದ್ರವ ತುಂಬಿ ಬೊಬ್ಬೆ ಏಳುತ್ತದೆ. ತೊಡೆಯ ತೆಳು ಚರ್ಮವಾದರೋ ಮೇಲಿನಿಂದಲೇ ಸವೆದುಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹೆಜ್ಜೆಯೊಂದಕ್ಕೆ 70 ಸೆಂಟಿಮೀಟರು ಎಂದಿಟ್ಟುಕೊಂಡರೆ 20 ಕಿಲೋಮೀಟರು ನಡೆಯಲು ಸುಮಾರು 28,500 ಹೆಜ್ಜೆಗಳು ಬೇಕು. ತೊಡೆಗಳು ತಾಗುವವರಲ್ಲಿ ಅಷ್ಟೂ ಸಲ ಒಂದೇ ಜಾಗ ಉಜ್ಜಲ್ಪಡುತ್ತದೆ.

ಬೆವರಿನ ಪಾತ್ರ

ಆದರೆ ಉಜ್ಜುವಿಕೆಯೊಂದೇ ಇದಕ್ಕೆ ಕಾರಣವಲ್ಲ. ತೇವಗೊಂಡ ಚರ್ಮದಲ್ಲಿ ಘರ್ಷಣೆಯು ಒಣ ಚರ್ಮದಲ್ಲಿರುವುದಕ್ಕಿಂತ ಹೆಚ್ಚೆಂದು ನೇಲರ್ ಎಂಬ ಸಂಶೋಧಕನು 1955ರಲ್ಲಿ ಪ್ರಯೋಗಗಳಿಂದ ತೋರಿಸಿದನು. ನೀರು ಹೀರಿದ ಹೊರಪದರವು ಉಬ್ಬಿ ಮೆತ್ತಗಾಗುತ್ತದೆ. ಮೆತ್ತಗಾದುದು ಎದುರಿನ ಮೈಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಬೆವರು ಆರಿದಾಗ ಅದರಲ್ಲಿನ ಉಪ್ಪು ಸಣ್ಣ ಹರಳುಗಳಾಗಿ ಉಳಿದು ಮರಳುಕಾಗದದಂತೆ ಉಜ್ಜುತ್ತದೆ.

ಗಾಳಿಯಲ್ಲಿ ಆರ್ದ್ರತೆ ಹೆಚ್ಚಿದಷ್ಟೂ ಬೆವರು ಆವಿಯಾಗುವುದು ನಿಧಾನ. ಮಳೆಗಾಲದಲ್ಲಿ ಜೋಯಿಡಾದ ಕಾಡುದಾರಿಯಲ್ಲಿ ನಡೆಯುವವನ ಬಟ್ಟೆ ದಿನವಿಡೀ ಒದ್ದೆಯಾಗಿಯೇ ಇರುವುದು. ಬೇಸಗೆಯಲ್ಲಿ ಬಯಲುಸೀಮೆಯತ್ತ ಚಾಚಿದ ಮುಂಡಗೋಡದ ಬಿಸಿಲಿನಲ್ಲಿ ಓಡುವವನಿಗೆ ಉಪ್ಪಿನ ಕಾಟವೇ ಹೆಚ್ಚು.

ತಡೆಯುವ ಬಗೆ

ಚರ್ಮವನ್ನು ಒಣಗಿರಿಸಬೇಕು, ಇಲ್ಲವೆ ಜಾರುವಂತಿರಿಸಬೇಕು. ಉಪಾಯಗಳೆಲ್ಲ ಈ ಎರಡು ಮಾತುಗಳಲ್ಲಿ ಅಡಗಿವೆ.

ದಪ್ಪ ಹತ್ತಿಬಟ್ಟೆ ಒದ್ದೆಯಾದರೆ ಬೇಗ ಒಣಗದು. ಬೇಗ ಆರುವ ತೆಳುಬಟ್ಟೆಯೇ ಲೇಸು. ಧೋತರವಾಗಲಿ ಸೀರೆಯಾಗಲಿ ಉಟ್ಟವರು ಒಳಗೆ ಮೊಣಕಾಲಿನವರೆಗೆ ಮೈಗೊತ್ತಿದ ಚಡ್ಡಿ ತೊಟ್ಟರೆ ಚರ್ಮಕ್ಕೆ ಚರ್ಮ ತಾಗದು. ಹೊಲಿಗೆಯ ಗೆರೆ ತೊಡೆಯ ಸಂದಿಗೆ ಬರಬಾರದು. ಹೊಸ ಬಟ್ಟೆ, ಹೊಸ ಪಾದರಕ್ಷೆಗಳನ್ನು ದೂರದ ನಡಿಗೆಯ ದಿನವೇ ಮೊದಲ ಬಾರಿಗೆ ತೊಡಬಾರದು.

ಜಾರಿಕೆಗೆ ಪೆಟ್ರೋಲಿಯಂ ಜೆಲ್ಲಿ ಉತ್ತಮ. ಅಮೆರಿಕದ ಚೆಸ್‌ಬ್ರೊ ಎಂಬಾತನು 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಪೇಟೆಂಟು ಪಡೆದ ಈ ಮುಲಾಮು ನೀರಿನಲ್ಲಿ ಕರಗದು. ಕೊಬ್ಬರಿ ಎಣ್ಣೆಯೂ ಆದೀತು. ಆದರೆ ತೆಳುವಾದ್ದರಿಂದ ಬಟ್ಟೆಗೆ ಬೇಗ ಒರಸಿಹೋಗುತ್ತದೆ. ಯಾವುದನ್ನೇ ಹಚ್ಚಿದರೂ ಎರಡು ಮೂರು ಗಂಟೆಗಳಿಗೊಮ್ಮೆ ಬೆವರಿನ ಉಪ್ಪನ್ನು ತೊಳೆದು, ಒರಸಿ, ಪುನಃ ಹಚ್ಚಬೇಕು. ಪುಡಿಯಾದರೋ ಹೆಚ್ಚು ಬೆವರಿದಾಗ ಮುದ್ದೆಗಟ್ಟಿ ತಾನೇ ಉಜ್ಜತೊಡಗುತ್ತದೆ.

ಗಾಯವಾದ ಮೇಲೆ

ಮೊದಲ ಉರಿಯೇ ಎಚ್ಚರಿಕೆಯ ಗಂಟೆ. ಆಗಲೇ ನಿಂತು ಜೆಲ್ಲಿ ಹಚ್ಚಿದರೆ ಮುಂದಿನ ಹಾನಿ ತಪ್ಪುವುದು. ಚರ್ಮ ಸುಲಿದಿದ್ದರೆ ಶುದ್ಧ ನೀರು ಮತ್ತು ಮೃದುವಾದ ಸಾಬೂನಿನಿಂದ ತೊಳೆದು, ಉಜ್ಜದೆ ಮೆಲ್ಲನೆ ಒತ್ತಿ ಒರಸಬೇಕು. ಬಳಿಕ ತೆಳುವಾಗಿ ಜೆಲ್ಲಿ ಸವರಿ, ಸಡಿಲವಾದ ಒಣ ಬಟ್ಟೆ ಉಟ್ಟು ವಿಶ್ರಾಂತಿ ಪಡೆಯಬೇಕು. ಸ್ಪಿರಿಟ್ಟು, ಸುಣ್ಣಗಳನ್ನು ಹಚ್ಚುವುದು ಸಲ್ಲದು. ಅವು ಹೊಸದಾಗಿ ಬೆಳೆಯಬೇಕಾದ ಜೀವಕೋಶಗಳನ್ನೇ ಸುಡುತ್ತವೆ.

ತುರಿಕೆಯಿದ್ದು ಅಂಚು ಉಂಗುರದಂತೆ ಉಬ್ಬಿದ್ದರೆ ಅದು ಹುಳುಕಡ್ಡಿಯಿರಬಹುದು. ಅದು ಶಿಲೀಂಧ್ರದಿಂದ ಬರುವ ರೋಗ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆಸಿದ ಮುಲಾಮು ತುರಿಕೆಯನ್ನು ಕೆಲದಿನ ಅಡಗಿಸಿ, ರೋಗವನ್ನು ಒಳಗೊಳಗೇ ಹಬ್ಬಿಸುತ್ತದೆ. ಕೆಂಪು ಸುತ್ತಲೂ ಹರಡಿದರೆ, ಕೀವಾದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು. ಮಧುಮೇಹವಿರುವವರು ಅಷ್ಟರವರೆಗೂ ಕಾಯಬಾರದು. ಅವರಲ್ಲಿ ಸಣ್ಣ ಗಾಯವೂ ಬೇಗ ಕೆಡುವುದು.

ಬೆವರುವುದು ಶರೀರವನ್ನು ತಂಪಾಗಿಡುವ ಕ್ರಿಯೆ. ಅದರಿಂದಾದ ಗಾಯದಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ವಿದ್ಯಾರ್ಥಿಗಳನ್ನು ಓಟಕ್ಕೂ ಚಾರಣಕ್ಕೂ ಕರೆದೊಯ್ಯುವ ಉಪಾಧ್ಯಾಯರು ನೀರು, ಬುತ್ತಿಗಳ ಜತೆಗೆ ಜೆಲ್ಲಿಯ ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಂಡು, ದಾರಿಯಲ್ಲಿ ತಾವಾಗಿಯೇ ವಿಚಾರಿಸಬೇಕು. ಉರಿಯುತ್ತಿದೆಯೆಂದು ಮೊದಲ ಗಂಟೆಯಲ್ಲೇ ಹೇಳಿದವನು ಕೊನೆಯವರೆಗೆ ನಡೆಯಬಲ್ಲನು.