ಹಲ್ಲು ಎಣಿಸಿ ಹಾರ್ಲೆ ಕೊಳ್ಳಿ

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರ ಪ್ರಶ್ನೆ ಇದು: ‘ಪೊಲೀಸರು ಹರಾಜು ಹಾಕಿದ 2006ರ ಹಾರ್ಲೆ-ಡೇವಿಡ್‌ಸನ್ ರೋಡ್ ಕಿಂಗ್ ಕೊಂಡಿದ್ದೇನೆ. ಹಿಂದಿನ ಚಕ್ರದ ಪುಲ್ಲಿ ಸವೆದಿದೆ. 2007ರ ಪೊಲೀಸ್ ಗಾಡಿಯ ಪುಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಒಂದೇ ವರ್ಷದ ಅಂತರ, ಅದೂ ಪೊಲೀಸ್ ಗಾಡಿಯದೇ ಮಾಲು. ಹಾಕಿಸಬಹುದೆ?’

ಬೇಡ. ಅದಕ್ಕಿಂತ ಯಾರೋ ಗೃಹಸ್ಥರು ಓಡಿಸಿದ, 2006ರದೋ 2005ರದೋ ಮಾಮೂಲಿ ರೋಡ್ ಕಿಂಗ್‌ನ ಪುಲ್ಲಿ ಹುಡುಕುವುದು ಮೇಲು.

ಪೊಲೀಸ್ ಗಾಡಿ ಎಂದರೆ ಒಳಗೇನೋ ಗುಟ್ಟಿನ ಯಂತ್ರ ಇರುತ್ತದೆ ಎಂಬ ನಂಬಿಕೆಯನ್ನು ಹಾಲಿವುಡ್ ಚೆನ್ನಾಗಿ ಸಾಕಿದೆ. ಮಾರುವವರೂ ಅದನ್ನು ಬಿಡಲು ತಯಾರಿಲ್ಲ. ಹಾರ್ಲೆ ಕಂಪನಿ ತಾನು ಡೆಟ್ರಾಯಿಟ್ ಪೊಲೀಸರಿಗೆ ಮೊದಲ ಬೈಕು ಕೊಟ್ಟದ್ದು 1908ರಲ್ಲಿ ಎಂದು ಹೇಳಿಕೊಳ್ಳುತ್ತದೆ. ಅಂದಿನಿಂದ ಈ ಪ್ರಭಾವಳಿ ಬೆಳೆಯುತ್ತಲೇ ಬಂದಿದೆ. ಆದರೆ ಎಫ್‌ಎಲ್‌ಎಚ್‌ಪಿ ಎಂಬ ಪೊಲೀಸ್ ಮಾದರಿಯ ಹೆಸರಿನ ಕೊನೆಯ ‘ಪಿ’ ನಿಮಗೆ ಕೊಡುವುದು ಹೆಚ್ಚಾಗಿ ಒಂಟಿ ಸೀಟು, ದೀಪ, ಸೈರನ್ನು, ಅವಕ್ಕೆ ಬೇಕಾದ ವೈರಿಂಗು ಮತ್ತು ಪ್ರಮಾಣೀಕರಿಸಿದ ಸ್ಪೀಡೋಮೀಟರು. ಎಂಜಿನ್ನಿನಿಂದ ಚಕ್ರದವರೆಗಿನ ಸರಂಜಾಮು ಆ ವರ್ಷದ ಸಾಮಾನ್ಯ ಗಾಡಿಯದೇ. ಗೆರೆ ಬಿದ್ದಿರುವುದು ಪೊಲೀಸರಿಗೂ ಜನರಿಗೂ ನಡುವೆ ಅಲ್ಲ, 2006ಕ್ಕೂ 2007ಕ್ಕೂ ನಡುವೆ.

ದನದ ಜಾತ್ರೆಯಲ್ಲಿ ಅನುಭವಸ್ಥ ರೈತ ಎತ್ತಿನ ಬಣ್ಣ, ಕೋಡು, ಕೊರಳ ಗೆಜ್ಜೆ ನೋಡಿ ಮರುಳಾಗುವುದಿಲ್ಲ. ತುಟಿ ಸರಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯ್ಗೂಡಿದೆಯೋ. ಮಾರುವವ ಏನೇ ಹೇಳಲಿ, ವಯಸ್ಸು ಅಲ್ಲಿದೆ. ಹಾರ್ಲೆಯ ವಿಷಯದಲ್ಲೂ ಹಲ್ಲೇ ಸಾಕ್ಷಿ, ಆದರೆ ನಾಲ್ಕು ಕಡೆ ಎಣಿಸಬೇಕು. 2006ರ ಗಾಡಿಯಲ್ಲಿ ಎಂಜಿನ್ ಸ್ಪ್ರಾಕೆಟ್‌ಗೆ 25 ಹಲ್ಲು, ಪ್ರೈಮರಿ ಚೈನಿನ ಆಚೆ ತುದಿಯ ಕ್ಲಚ್ಚಿಗೆ 36. ಗೇರ್‌ಬಾಕ್ಸಿನಿಂದ ಹೊರಬರುವ ಪುಲ್ಲಿಗೆ 32, ಚಕ್ರದ ಪುಲ್ಲಿಗೆ 70. 36ನ್ನು 25ರಿಂದ ಭಾಗಿಸಿದರೆ 1.44, 70ನ್ನು 32ರಿಂದ ಭಾಗಿಸಿದರೆ ಸುಮಾರು 2.19. ಎರಡನ್ನೂ ಗುಣಿಸಿದರೆ 3.15. ಟಾಪ್ ಗೇರಿನಲ್ಲಿ ಗೇರ್‌ಬಾಕ್ಸು ತಾನಾಗಿ ಏನನ್ನೂ ಹೆಚ್ಚು ಕಡಿಮೆ ಮಾಡುವುದಿಲ್ಲವಾದ್ದರಿಂದ, ಚಕ್ರ ಒಂದು ಸುತ್ತು ಬರಲು ಎಂಜಿನ್ನು 3.15 ಸುತ್ತು ತಿರುಗಬೇಕು.

2007ರಲ್ಲಿ 1450 ಸಿಸಿಯ ಟ್ವಿನ್ ಕ್ಯಾಮ್ 88 ಹೋಗಿ 1584 ಸಿಸಿಯ ಟ್ವಿನ್ ಕ್ಯಾಮ್ 96 ಬಂತು, ಐದು ಗೇರು ಆರಾಯಿತು. ಹಲ್ಲುಗಳೂ ಬದಲಾದವು: 34, 46, 32, 66. ಅದೇ ಕ್ರಮದಲ್ಲಿ ಭಾಗಿಸಿ ಗುಣಿಸಿದರೆ 2.79. ಹಿಂದಿನ ಟೈರಿನ ಸುತ್ತಳತೆ ಹತ್ತಿರಹತ್ತಿರ 2 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಳೆಯ ಎಂಜಿನ್ನು ನಿಮಿಷಕ್ಕೆ ಸುಮಾರು 2,625 ಸುತ್ತು ತಿರುಗಿದರೆ ಹೊಸದು 2,325ಕ್ಕೇ ಮುಗಿಸುತ್ತದೆ. ಹೆದ್ದಾರಿಯಲ್ಲಿ ಹೊಸ ಗಾಡಿ ನಿರಾಳವಾಗಿ ಉಸಿರಾಡುತ್ತದೆ ಎಂದು ಸವಾರರು ಹೊಗಳಿದ್ದು ಈ ಮುನ್ನೂರು ಸುತ್ತುಗಳನ್ನೇ.

ಈಗ 70 ಹಲ್ಲಿನ ಜಾಗಕ್ಕೆ 66ರ ಪುಲ್ಲಿ ಕೂರಿಸಿದಿರಿ ಎನ್ನಿ. ಮೊದಲಿಗೆ ಎರಡೂ ಪುಲ್ಲಿಗಳನ್ನು ಬೆಸೆಯುವ ಹಲ್ಲಿನ ಬೆಲ್ಟು ಎರಡು ಹಲ್ಲಿನಷ್ಟು ಸಡಿಲವಾಗುತ್ತದೆ. ಚಕ್ರವನ್ನು ಹಿಂದಕ್ಕೆ ಸರಿಸಿ ಹೇಗೋ ಬಿಗಿ ಮಾಡಿದರೂ ಇನ್ನೊಂದು ಪೇಚು ಉಳಿಯುತ್ತದೆ. ಈ ಗಾಡಿಯಲ್ಲಿ ಸ್ಪೀಡೋಮೀಟರಿನ ಸೆನ್ಸರ್ ಇರುವುದು ಚಕ್ರದಲ್ಲಲ್ಲ, ಗೇರ್‌ಬಾಕ್ಸಿನಲ್ಲಿ. ಅಲ್ಲಿ ತಿರುಗುವ ಗೇರಿನ ಹಲ್ಲುಗಳನ್ನೇ ಅದು ಎಣಿಸುತ್ತದೆ. ಹಿಂದೆ ಪುಲ್ಲಿ ಬದಲಾದದ್ದು ಅದಕ್ಕೆ ಗೊತ್ತೇ ಆಗದು. ಮೀಟರು 100 ತೋರಿಸುವಾಗ ನೀವು 106ರಲ್ಲಿ ಹೋಗುತ್ತಿರುತ್ತೀರಿ. ಬೇರೆಯವರ ವೇಗ ಅಳೆದು ದಂಡ ಹಾಕಲೆಂದೇ ಪ್ರಮಾಣಪತ್ರ ಪಡೆದ ಮೀಟರಿಗೆ ಎಂಥ ಗತಿ!

ಹಲ್ಲಿನ ಬೆಲ್ಟಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ಎಂಜಿನಿಯರ್ ರಿಚರ್ಡ್ ಕೇಸ್ ಇದನ್ನು ರೂಪಿಸಿದ್ದು ಹೊಲಿಗೆ ಯಂತ್ರಕ್ಕಾಗಿ. ಸೂಜಿಯೂ ಕೆಳಗಿನ ಬಾಬಿನ್ನೂ ತಾಳ ತಪ್ಪದಿರಲು ಜಾರದ ಬೆಲ್ಟು ಬೇಕಿತ್ತು. ಮುನ್ನೂರು ಕಿಲೋಗೂ ಮೀರಿ ತೂಗುವ ಬೈಕನ್ನು ಎಳೆಯುವಷ್ಟು ಗಟ್ಟಿ ನಾರು ಆಗ ಇರಲಿಲ್ಲ. 1965ರಲ್ಲಿ ಡ್ಯುಪಾಂಟ್‌ನ ಸ್ಟೆಫನಿ ಕ್ವೊಲೆಕ್ ಕೆವ್ಲಾರ್‌ಗೆ ದಾರಿ ಮಾಡಿದ ಪಾಲಿಮರನ್ನು ಕಂಡುಹಿಡಿದರು. ಅಂಥ ಅರಾಮಿಡ್ ನಾರನ್ನು ಒಡಲಲ್ಲಿಟ್ಟುಕೊಂಡ ಬೆಲ್ಟಿನಿಂದ 1980ರಲ್ಲಿ ಹಾರ್ಲೆ ‘ಸ್ಟರ್ಜಿಸ್’ ಓಡಿತು. ದರ್ಜಿಯ ಯಂತ್ರದ ಉಪಾಯ ಪೊಲೀಸಪ್ಪನ ಗಾಡಿಗೆ ಬಂದದ್ದು ಹೀಗೆ.

ಗಾಡಿ ಬಿಚ್ಚದೆ ವರ್ಷ ತಿಳಿಯಲು ಚಾಸಿ ನಂಬರು ನೋಡಿ. 1981ರಿಂದ ಅಮೆರಿಕದಲ್ಲಿ ಅದು 17 ಅಕ್ಷರ-ಅಂಕಿಗಳದ್ದು. ಹತ್ತನೆಯದು ಮಾಡೆಲ್ ವರ್ಷ: 6 ಇದ್ದರೆ 2006, 7 ಇದ್ದರೆ 2007. ನೋಂದಣಿ ಕಾಗದದ ತಾರೀಖನ್ನು ನೆಚ್ಚಬೇಡಿ, 2006ರ ಶರತ್ಕಾಲದಲ್ಲಿ ತಯಾರಾದ ಗಾಡಿ 2007ರ ಮಾಡೆಲ್ ಆಗಿರಬಹುದು. ಒಂಬತ್ತನೆಯದು ಕಾವಲುಗಾರ. ಅಕ್ಷರಗಳಿಗೂ ಅಂಕಿಯ ಬೆಲೆ ಕೊಟ್ಟು, ಪ್ರತಿ ಸ್ಥಾನವನ್ನು ನಿಗದಿತ ತೂಕದಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷ ಅದು. ಹತ್ತು ಉಳಿದರೆ ಎಕ್ಸ್. 11 ಅವಿಭಾಜ್ಯ ಸಂಖ್ಯೆಯಾದ್ದರಿಂದ ಒಂದು ಅಂಕಿ ತಪ್ಪಿ ಬರೆದರೂ ಸಿಕ್ಕಿಬೀಳುತ್ತದೆ. ‘ಎ’, ‘ಜೆ’ಗಳಂತೆ ಒಂದೇ ಬೆಲೆ ಇರುವವುಗಳ ಅದಲುಬದಲು ಮಾತ್ರ ನುಸುಳಿಹೋಗುತ್ತದೆ.

ಬಿಡಿಭಾಗದ ಮೇಲೂ ನಂಬರಿರುತ್ತದೆ. ಹಾರ್ಲೆಯ ಹಳೆಯ ಪದ್ಧತಿಯಲ್ಲಿ ಐದು ಅಂಕಿ, ಅಡ್ಡಗೆರೆ, ಆಮೇಲೆ ಎರಡು ಅಂಕಿ. ಆ ಕೊನೆಯ ಎರಡು, ಭಾಗ ಮೊದಲು ಬಳಕೆಗೆ ಬಂದ ವರ್ಷವೇ ಹೊರತು ಗಾಡಿಯ ವರ್ಷವಲ್ಲ. 91 ಎಂದಿರುವ ಭಾಗ 2005ರ ಗಾಡಿಗೂ ಸರಿಯಾಗಿರಬಹುದು. 07 ಎಂದಿದ್ದರೆ 2006ರವರು ಅನುಮಾನಪಡಬೇಕು. ಚಕ್ರಸಮೇತ ಕೊಳ್ಳುವವರಿಗೆ ಇನ್ನೊಂದು ಎಚ್ಚರ: 2008ರಿಂದ ಚಕ್ರದ ಬೇರಿಂಗಿನ ಒಳವ್ಯಾಸ 1 ಅಂಗುಲದಿಂದ 25 ಮಿ.ಮೀ.ಗೆ ಇಳಿಯಿತು. ವ್ಯತ್ಯಾಸ ಬರೀ 0.4 ಮಿ.ಮೀ., ಕಣ್ಣಿಗೆ ಕಾಣದು, ಆದರೆ ಹಳೆಯ ಆಕ್ಸಲ್ ಒಳಗೆ ಹೋಗದು. 2009ರಲ್ಲಿ ಫ್ರೇಮೂ ಹೊಸದಾಗಿ ಪುಲ್ಲಿಗೆ 68 ಹಲ್ಲಾಯಿತು.

‘ಪೊಲೀಸ್’ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಸವೆತದಲ್ಲಿ. ರಸ್ತೆ ಬದಿಯಲ್ಲಿ ದೀಪ ಉರಿಸಿಕೊಂಡು ನಿಂತ ಗಾಡಿಯ ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೂ ಗಂಟೆಗೆ 60,000 ಆಯಿತು. 2007ರ ಗಾಡಿ ಟಾಪ್ ಗೇರಿನಲ್ಲಿ ಸುಮಾರು 43 ಕಿ.ಮೀ. ಓಡಿದರೆ ಆಗುವಷ್ಟು ಸುತ್ತು ಅದು, ಓಡೋಮೀಟರಿನಲ್ಲಿ ಒಂದು ಅಂಕಿಯೂ ಮೂಡದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಬೆಲ್ಟೂ ಪುಲ್ಲಿಗಳೂ ಅಲುಗುವುದಿಲ್ಲ, ಅವುಗಳ ವಯಸ್ಸು ಮೀಟರ್ ಹೇಳಿದಷ್ಟೇ. ಪ್ರೈಮರಿ ಚೈನು ಮಾತ್ರ ಒಳಗೆ ಎಣ್ಣೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅದು ‘ಉದ್ದವಾಗುವುದು’ ಉಕ್ಕು ಹಿಗ್ಗಿ ಅಲ್ಲ; ಕೊಂಡಿಗಳ ಪಿನ್ನು ಸವೆದು ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಸೇರುತ್ತ ಹೋಗುತ್ತದೆ. 2006ರವರೆಗಿನ ಗಾಡಿಯಲ್ಲಿ ಆ ಸಡಿಲವನ್ನು ಕೈಯಾರೆ ತೆಗೆಯಬೇಕು, ಚೈನಿನಡಿಯ ಶೂವನ್ನು ಎತ್ತಿ ಬೋಲ್ಟು ಬಿಗಿದು. 2007ರಿಂದ ಟೆನ್ಷನರ್ ತಾನೇ ಆ ಕೆಲಸ ಮಾಡುತ್ತದೆ. ಹಾಗಾಗಿ ಹಳೆಯ ಮಾದರಿ ಕೊಳ್ಳುವವರು ಪ್ರೈಮರಿ ಕವರಿನ ಇಣುಕುಕಿಂಡಿಯ ಮುಚ್ಚಳ ಬಿಚ್ಚಿಸಿ, ಶೂ ಎಷ್ಟು ಮೇಲೆ ಹೋಗಿದೆ ನೋಡಬೇಕು. ತುದಿ ಮುಟ್ಟಿದ್ದರೆ ಹೊಸ ಚೈನಿನ ದುಡ್ಡು ಕಳೆದು ಬೆಲೆ ಕೇಳಿ.